ಹೊಡೆಯದೆ ಬಂದವರ ಮಾತು ಮೊದಲು

(ಬೇಟೆಗಾರರ ಕೂಟವೊಂದರಲ್ಲಿ ನಾನು ಆಡಿದ ಮಾತು ಇದು. ಕೇಳಿದವರು ಬರೆದು ಕೊಡಿ ಅಂದರು. ಅವತ್ತು ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ, ಅಷ್ಟೇ.)

ಎಲ್ಲರಿಗೂ ನಮಸ್ಕಾರ. ಒಳ್ಳೆಯ ಬೇಟೆ ಅಂದರೆ ಏನು ಅಂತ ಮಾತಾಡೋಕೆ ನನ್ನನ್ನು ಕರೆದಿದ್ದೀರಿ. ನಾನು ಒಂದು ಕೆಟ್ಟ ಬೇಟೆಯಿಂದ ಶುರು ಮಾಡುತ್ತೇನೆ. ಅದು ನಾನೇ ಮಾಡಿದ್ದು.

ಅದು ನನ್ನ ಮೂರನೇ ಸೀಸನ್. ಸೀಸನ್ ಅಂದರೆ ವರ್ಷದಲ್ಲಿ ಕಾನೂನು ಬೇಟೆಗೆ ಬಿಟ್ಟ ಕಾಲ. ಸಂಜೆ ಹೊತ್ತು, ಕಾಡಂಚಿನ ಹುಲ್ಲಿನ ಬಯಲಿನ ಪಕ್ಕ ಮರಸು ಕೂತಿದ್ದೆ. ಕಾನೂನಿನ ಪ್ರಕಾರ ಇನ್ನೂ ಹತ್ತು ನಿಮಿಷ ಹೊಡೆಯಬಹುದಿತ್ತು. ಆದರೆ ಸ್ಕೋಪಿನಲ್ಲಿ ನೋಡಿದರೆ ಎಲ್ಲಾ ಬೂದಿ ಬಣ್ಣ. ಒಂದು ಹೆಣ್ಣು ಜಿಂಕೆ ಬಂದು ನಿಂತಿತು. ಎದೆ ನನ್ನ ಕಡೆ, ಮೈ ಸ್ವಲ್ಪ ಓರೆ. ಅದು ಪೂರ್ತಿ ಅಡ್ಡ ತಿರುಗುವ ತನಕ ಕಾಯಬೇಕಿತ್ತು. ಕಾಯಲಿಲ್ಲ. ಆ ವರ್ಷ ನಮ್ಮ ಗುಂಪಿನಲ್ಲಿ ಬರಿಗೈಲಿ ಉಳಿದಿದ್ದವನು ನಾನೊಬ್ಬನೇ. ಪ್ರತಿ ಸಂಜೆ ವಾಪಸ್ ಹೋದಾಗ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಮಾತು: "ಏನಾದ್ರೂ ಬಿತ್ತಾ?"

ಈಡು ಹಾರಿಸಿದೆ. ಜಿಂಕೆ ಬೆನ್ನು ಗೂನು ಮಾಡಿಕೊಂಡು, ಓಡದೆ, ನಿಧಾನವಾಗಿ ನಡೆದು ಪೊದೆ ಸೇರಿತು. ಹೋಗಿ ನೋಡಿದೆ. ಹುಲ್ಲಿನ ಮೇಲೆ ಕಂದು ಬಣ್ಣದ ದ್ರವ, ಅದರಲ್ಲಿ ಅಗಿದ ಸೊಪ್ಪಿನ ಚೂರು, ಹುಳಿ ವಾಸನೆ. ಹೊಟ್ಟೆಗೆ ಬಿದ್ದಿತ್ತು. ಆಗ ನನಗೆ ಅಷ್ಟೂ ಗೊತ್ತಾಗಲಿಲ್ಲ. ಟಾರ್ಚ್ ಹಿಡಿದು ತಕ್ಷಣ ಹಿಂದೆ ಹೋದೆ. ನೂರು ಹೆಜ್ಜೆ ಹೋಗಿರಬೇಕು, ಎದುರಿಗೆ ಅದು ಎದ್ದ ಸದ್ದು ಕೇಳಿಸಿತು. ಒಣಗಿದ ಎಲೆ ಮೇಲೆ ಕಾಲೆಳೆದುಕೊಂಡು ಹೋದ ಹಾಗೆ. ಆಮೇಲೆ ಏನೂ ಇಲ್ಲ. ರಾತ್ರಿ ಮಳೆ ಬಂತು. ಮಾರನೇ ದಿನ ಇಡೀ ಹುಡುಕಿದೆ. ಸಿಗಲಿಲ್ಲ.

ಗುಂಪಿಗೆ ಬಂದು "ಗುರಿ ತಪ್ಪಿತು" ಅಂದೆ. "ಇರಲಿ ಬಿಡು, ನಾಳೆ ಸಿಗುತ್ತೆ" ಅಂದರು. ಎರಡು ವರ್ಷ ಆ ಸುಳ್ಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ಕೊನೆಗೆ ಗುಂಪಿನ ಹಿರಿಯರೊಬ್ಬರ ಹತ್ತಿರ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂದೂ ಒಂದಿದೆ" ಅಂದರು. ಮೂವತ್ತು ವರ್ಷದ ಹಿಂದಿನದು. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಬಿದ್ದ ಮರ ಎಲ್ಲಿತ್ತು, ಕೊನೆಯ ರಕ್ತದ ಹನಿ ಯಾವ ಕಲ್ಲಿನ ಮೇಲಿತ್ತು, ಎಲ್ಲಾ ನೆನಪಿತ್ತು ಅವರಿಗೆ. ಅವರೂ ಯಾರಿಗೂ ಹೇಳಿರಲಿಲ್ಲ. ಆಮೇಲೆ ಅಂದರು, "ಹೊಟ್ಟೆಗೆ ಬಿದ್ರೆ ರಾತ್ರಿ ಹಿಂದೆ ಹೋಗ್ಬಾರ್ದು ಕಣೋ. ಬೆಳಗಿನವರೆಗೂ ಬಿಡ್ಬೇಕು. ಹತ್ತಿರದಲ್ಲೇ ಮಲಗಿರುತ್ತೆ."

ಅವರಿಗೆ ಇದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ನಾವಿಬ್ಬರೂ ಮೂರು ವರ್ಷ ಒಂದೇ ಬೆಂಕಿ ಸುತ್ತ ಕೂತಿದ್ದೆವು. ಅವರು ನಾಚಿಕೆಯಿಂದ ಬಾಯಿ ಬಿಡಲಿಲ್ಲ, ಅದಕ್ಕೆ ನಾನು ಕಲಿಯಲಿಲ್ಲ, ಅದಕ್ಕೆ ಒಂದು ಜಿಂಕೆ ಎಲ್ಲೋ ಪೊದೆಯಲ್ಲಿ ನರಳಿ ಸತ್ತಿತು. ನಾನು ಇವತ್ತು ಹೇಳಬೇಕು ಅಂದುಕೊಂಡಿರುವ ಮಾತು ಇದೊಂದೇ. ಬೇಟೆಯ ನೀತಿ ಅನ್ನೋದು ಒಬ್ಬನ ಮನಸ್ಸಿನ ಒಳಗಿನ ವಿಷಯ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪೋದಿಲ್ಲ. ಕಾಡಿನಲ್ಲಿ ನೋಡುವವರು ಯಾರೂ ಇಲ್ಲ, ಅಂಪೈರ್ ಇಲ್ಲ, ನಿಜ. ಆದರೆ ಟ್ರಿಗರ್ ಮೇಲೆ ಬೆರಳಿಟ್ಟಾಗ ನಮ್ಮ ತಲೆಯೊಳಗೆ ಸಂಜೆ ಸಿಗುವ ಜನ ಕೂತಿರುತ್ತಾರೆ. ಆ ಜನ ಏನು ಕೇಳುತ್ತಾರೆ ಅನ್ನೋದರ ಮೇಲೆ ಬೆರಳು ಅಲುಗುತ್ತದೆ, ಇಲ್ಲಾ ನಿಲ್ಲುತ್ತದೆ.

ಮುಂದೆ ಹೋಗುವ ಮುಂಚೆ ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಕಾನೂನು ಬೇಟೆಗೆ ಅವಕಾಶ ಕೊಡದ ಕಡೆ, ಸೀಸನ್ ಇಲ್ಲದಾಗ, ರಕ್ಷಣೆ ಇರುವ ಪ್ರಾಣಿಯ ವಿಷಯದಲ್ಲಿ, ನಾನು ಹೇಳುವ ಯಾವುದೂ ಅನ್ವಯಿಸುವುದಿಲ್ಲ. ಅದು ಕಳ್ಳಬೇಟೆ. ಎಷ್ಟು ಚೆನ್ನಾಗಿ ಗುರಿ ಇಟ್ಟರೂ ಕಳ್ಳಬೇಟೆಯೇ. ಇಲ್ಲಿ ಮಾತು ಲೈಸೆನ್ಸ್, ಸೀಸನ್, ಕೋಟಾ ಇರುವ ಬೇಟೆಯ ಬಗ್ಗೆ.

ಸರಿ, ಈಡಿನ ವಿಷಯಕ್ಕೆ ಬರೋಣ. ಜಿಂಕೆ ಜಾತಿಯ ಪ್ರಾಣಿಗೆ ಹೃದಯ, ಶ್ವಾಸಕೋಶ ಇರುವ ಜಾಗ ಮುಂಗಾಲಿನ ಹಿಂದೆ, ಹೆಚ್ಚುಕಡಿಮೆ ಒಂದು ಊಟದ ತಟ್ಟೆಯಷ್ಟು. ಅಡ್ಡ ನಿಂತಾಗ ಅದು ಪೂರ್ತಿ ತೆರೆದಿರುತ್ತದೆ. ಸ್ವಲ್ಪ ಆ ಕಡೆ ಓರೆಯಾಗಿ ನಿಂತರೂ ಪರವಾಗಿಲ್ಲ, ಗುಂಡು ಹಿಂದಿನಿಂದ ಮುಂದಕ್ಕೆ ಸಾಗಿ ಎದೆ ಸೇರುತ್ತದೆ. ನಮ್ಮ ಕಡೆ ಓರೆಯಾಗಿದ್ದರೆ, ನನಗೆ ಆದ ಹಾಗೆ, ಒಂದು ಗೇಣು ತಪ್ಪಿದರೂ ಗುಂಡು ಹೊಟ್ಟೆ ಹೊಕ್ಕುತ್ತದೆ. ಓಡುತ್ತಿರುವ ಪ್ರಾಣಿ, ತಲೆ, ಕುತ್ತಿಗೆ, ಇವೆಲ್ಲ ನನ್ನ ಲೆಕ್ಕದಲ್ಲಿ ಬೇಡ. ಕೆಲವರು ಒಪ್ಪೋದಿಲ್ಲ, ಗೊತ್ತು.

ದೂರದ ಬಗ್ಗೆ ನಾವು ನಮಗೇ ಸುಳ್ಳು ಹೇಳಿಕೊಳ್ಳುತ್ತೇವೆ. ಗುರಿ ಅಭ್ಯಾಸದ ರೇಂಜಿನಲ್ಲಿ ಮೇಜಿನ ಮೇಲೆ ಮರಳು ಚೀಲ ಇಟ್ಟು ಮುನ್ನೂರು ಮೀಟರಿಗೆ ಹೊಡೆದದ್ದು ಕಾಡಿನಲ್ಲಿ ಲೆಕ್ಕಕ್ಕಿಲ್ಲ. ಹೀಗೆ ಮಾಡಿ ನೋಡಿ. ಸುಮಾರು ಇಪ್ಪತ್ತು ಸೆಂಟಿಮೀಟರ್ ಅಗಲದ ಕಾಗದದ ತಟ್ಟೆ ನಿಲ್ಲಿಸಿ. ಒಂದು ಸುತ್ತು ಓಡಿ ಬಂದು, ಏದುಸಿರು ಬಿಡುತ್ತಾ, ಮಂಡಿ ಊರಿ ಇಲ್ಲಾ ಕೋಲಿಗೆ ಒರಗಿಸಿ ಐದು ಸಲ ಹೊಡೆಯಿರಿ. ಐದೂ ತಟ್ಟೆಯೊಳಗೆ ಬೀಳುವ ದೂರ ಎಷ್ಟೋ ಅಷ್ಟೇ ನಿಮ್ಮ ದೂರ. ನನ್ನದು ನೂರಾ ಇಪ್ಪತ್ತು ಮೀಟರ್. ಬಿಲ್ಲಿನವರಿಗೆ ಇದು ಇನ್ನೂ ತುಂಬಾ ಕಡಿಮೆ, ಬಾಣ ಹೋಗಿ ತಲುಪುವಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಇಟ್ಟಿರುತ್ತದೆ.

ಬೆಳಕಿನ ವಿಷಯವೂ ಹಾಗೇ. ಎಷ್ಟೋ ಕಡೆ ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೂ ಹೊಡೆಯಬಹುದು ಅನ್ನುತ್ತದೆ ಕಾನೂನು. ಆದರೆ ಮೋಡ ಕವಿದ ದಿನ ಆ ಅರ್ಧ ಗಂಟೆ ಇಲ್ಲ ಅಂತಲೇ ತಿಳಿಯಿರಿ. ಜಾಡು ಹಿಡಿಯೋಕೆ ಬೆಳಕು ಉಳಿದಿಲ್ಲ ಅಂದರೆ ಈಡಿಗೂ ಬೆಳಕಿಲ್ಲ.

ಈಡಾದ ಮೇಲೆ ಏನು? ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡೋದಿಲ್ಲ, ಅದಕ್ಕೇ ನಾನು ನಿಧಾನವಾಗಿ ಹೇಳುತ್ತೇನೆ. ಮೊದಲು, ಎದ್ದು ಓಡಬೇಡಿ. ಪ್ರಾಣಿ ಗುಂಡು ತಗುಲಿದಾಗ ಏನು ಮಾಡಿತು, ಕೊನೆಗೆ ಎಲ್ಲಿ ಕಾಣಿಸಿತು, ಒಂದು ಮರದ ಗುರುತು ಇಟ್ಟುಕೊಳ್ಳಿ. ಆಮೇಲೆ ಈಡು ತಗುಲಿದ ಜಾಗಕ್ಕೆ ಹೋಗಿ ಮಂಡಿ ಊರಿ ಕೂತು ನೋಡಿ. ನಿಂತು ನೋಡಿದರೆ ಕಾಣೋದಿಲ್ಲ. ರಕ್ತ ತಿಳಿ ಗುಲಾಬಿ ಬಣ್ಣಕ್ಕಿದ್ದು ನೊರೆ ನೊರೆಯಾಗಿದ್ದರೆ ಶ್ವಾಸಕೋಶ. ಅರ್ಧ ಗಂಟೆ ಕಾದು ಹೋದರೆ ಹತ್ತಿರದಲ್ಲೇ ಬಿದ್ದಿರುತ್ತದೆ. ಗಾಢ ಕೆಂಪು, ಕಪ್ಪಿಗೆ ಹತ್ತಿರ ಇದ್ದರೆ ಲಿವರ್, ಮೂರು ನಾಲ್ಕು ಗಂಟೆ ಬಿಡಬೇಕು. ಹಸಿರು, ಕಂದು, ವಾಸನೆ ಇದ್ದರೆ ಹೊಟ್ಟೆ ಇಲ್ಲಾ ಕರುಳು. ಎಂಟು ಹತ್ತು ಗಂಟೆಯಾದರೂ ಬಿಡಬೇಕು. ಕಾಯೋದು ಕ್ರೂರ ಅನಿಸುತ್ತದೆ, ಅಲ್ವಾ? ನನಗೂ ಅನಿಸುತ್ತದೆ. ಆದರೆ ಗಾಯವಾದ ಪ್ರಾಣಿ ಸಾಮಾನ್ಯವಾಗಿ ದೂರ ಹೋಗದೆ ಮಲಗುತ್ತದೆ. ಹಿಂದೆ ಹೋಗಿ ಎಬ್ಬಿಸಿದರೆ ಹೆದರಿಕೆಯ ಬಲದಲ್ಲಿ ಎಷ್ಟೋ ದೂರ ಹೋಗಿ, ನಮಗೆ ಸಿಗದ ಜಾಗದಲ್ಲಿ ಸಾಯುತ್ತದೆ. ನೋವು ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗೋದಿಲ್ಲ.

ರಕ್ತದ ಪ್ರತಿ ಗುರುತಿಗೂ ಒಂದು ಬಟ್ಟೆ ಚೂರು ಕಟ್ಟುತ್ತಾ ಹೋಗಿ. ಹಿಂತಿರುಗಿ ನೋಡಿದರೆ ಪ್ರಾಣಿ ಹೋದ ದಾರಿ ಒಂದು ಗೆರೆಯ ಹಾಗೆ ಕಾಣುತ್ತದೆ. ಜಾಡಿನ ಮೇಲೆ ಕಾಲಿಡಬೇಡಿ, ಪಕ್ಕದಲ್ಲಿ ನಡೆಯಿರಿ. ನಾಯಿಯನ್ನು ಕರೆಸುವ ಅವಕಾಶ ಇದ್ದರೆ ಬೇಗ ಕರೆಸಿ, ಹತ್ತು ಜನ ತುಳಿದು ಹಾಳು ಮಾಡಿದ ಮೇಲೆ ಅಲ್ಲ. ಜರ್ಮನಿಯಲ್ಲಿ ಗಾಯದ ಜಾಡು ಹಿಡಿಯೋಕಂತಲೇ ಬೆಳೆಸಿದ ಹನೋವರ್ ಹೌಂಡ್, ಬವೇರಿಯನ್ ಮೌಂಟನ್ ಹೌಂಡ್ ಅನ್ನೋ ತಳಿಗಳಿವೆ. ಅಲ್ಲಿ ಬೇಟೆಗೆ ಲೈಸೆನ್ಸ್ ಬೇಕಾದರೆ ಬರವಣಿಗೆ, ಮಾತು, ಗುರಿ ಮೂರರಲ್ಲೂ ಪರೀಕ್ಷೆ ಪಾಸಾಗಬೇಕು. ಬಿದ್ದ ಪ್ರಾಣಿಯ ಬಾಯಿಗೆ ಒಂದು ಹಸಿರು ಚಿಗುರು ಇಡುವ ಪದ್ಧತಿಯೂ ಅವರಲ್ಲಿದೆ, ಕೊನೇ ತುತ್ತು ಅಂತ. ನನಗೆ ಅದು ತುಂಬಾ ಇಷ್ಟ. ಆ ಚಿಗುರು ಹುಡುಕಿ ತರುವ ಒಂದು ನಿಮಿಷ ಎಲ್ಲರೂ ಸುಮ್ಮನಿರುತ್ತಾರಲ್ಲ, ಆ ಸುಮ್ಮನಿರೋದು ಬೇಕು.

ಇನ್ನು ಒಂದು ಪ್ರಾಣಿಯಿಂದ ಇಡೀ ಸಂತತಿಯ ಕಡೆ ಬರೋಣ. ಬಡ್ಡಿ ತಿನ್ನು, ಅಸಲು ಮುಟ್ಟಬೇಡ. ಇಷ್ಟೇ ಲೆಕ್ಕ. ಆದರೆ ಬಡ್ಡಿ ಪ್ರತಿ ವರ್ಷ ಒಂದೇ ಇರೋದಿಲ್ಲ. ಬರ ಬಂದರೆ, ರೋಗ ಬಂದರೆ, ಹಿಮ ಜಾಸ್ತಿ ಬಿದ್ದರೆ ಬಡ್ಡಿ ಸೊನ್ನೆ. ಅಸಲು ತಿಂದರೆ ಏನಾಗುತ್ತದೆ ಅಂತ ಉತ್ತರ ಅಮೆರಿಕ ಜಗತ್ತಿಗೇ ತೋರಿಸಿಕೊಟ್ಟಿದೆ. ಅಲ್ಲಿ ಪ್ಯಾಸೆಂಜರ್ ಪಾರಿವಾಳ ಕೋಟಿಗಟ್ಟಲೆ ಇತ್ತು. ಮಾರುಕಟ್ಟೆಗೆ ಗಾಡಿಗಟ್ಟಲೆ ಹೊಡೆದು ಕಳಿಸಿದರು. ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಕೋಟಿಗಟ್ಟಲೆ ಇದ್ದ ಕಾಡೆಮ್ಮೆಗಳು, ಅಂದರೆ ಬೈಸನ್, 1880ರ ದಶಕದ ಕೊನೆಗೆ ಸುಮಾರು ಒಂದು ಸಾವಿರಕ್ಕೆ ಇಳಿದಿದ್ದವು.

ತಡೆದವರಲ್ಲಿ ಬೇಟೆಗಾರರೂ ಇದ್ದರು, ಇದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. 1887ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ ಮತ್ತು ಗೆಳೆಯರು ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕಟ್ಟಿದರು. ಪ್ರಾಣಿಗೆ ತಪ್ಪಿಸಿಕೊಳ್ಳುವ ನ್ಯಾಯವಾದ ಅವಕಾಶ ಇರಬೇಕು ಅನ್ನೋ ನಿಯಮವನ್ನು ಆ ಕ್ಲಬ್ ಎತ್ತಿ ಹಿಡಿಯಿತು. 1900ರ ಲೇಸಿ ಕಾಯ್ದೆ ಕದ್ದು ಹೊಡೆದ ಪ್ರಾಣಿಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸೋದನ್ನು ಅಪರಾಧ ಮಾಡಿತು. 1937ರ ಪಿಟ್‌ಮನ್ ರಾಬರ್ಟ್‌ಸನ್ ಕಾಯ್ದೆ ಬಂದೂಕು, ತೋಟೆಗಳ ಮೇಲಿನ ತೆರಿಗೆಯನ್ನು ಕಾಡುಪ್ರಾಣಿಗಳ ಕೆಲಸಕ್ಕೇ ತಿರುಗಿಸಿತು, ಉದ್ದ ಬಂದೂಕಿಗೆ ಮತ್ತು ತೋಟೆಗೆ 11 ಶೇಕಡಾ. ಆ ಹಣ ಬೇಕು ಅಂದರೆ ರಾಜ್ಯಗಳು ಬೇಟೆಯ ಲೈಸೆನ್ಸಿನ ದುಡ್ಡನ್ನು ರಸ್ತೆಗೋ ಕಟ್ಟಡಕ್ಕೋ ಸುರಿಯುವ ಹಾಗಿಲ್ಲ. ಈ ಷರತ್ತೇ ಆ ಕಾಯ್ದೆಯ ಜೀವಾಳ. ಅಳಿವಿನ ಅಂಚಿಗೆ ಹೋಗಿದ್ದ ಬಿಳಿಬಾಲದ ಜಿಂಕೆ ಇವತ್ತು ಅಲ್ಲಿ ಸುಮಾರು ಮೂರು ಕೋಟಿ ಇದೆ. ಈಗ ಕಷ್ಟ ತಿರುಗಾ ಮುರುಗಾ ಆಗಿದೆ. ತೋಳ ಇಲ್ಲದ ಕಡೆ ಜಿಂಕೆ ಜಾಸ್ತಿಯಾಗಿ ಸಸಿಗಳೇ ಮೇಲೇಳೋದಿಲ್ಲ. ಅಂಥ ಕಡೆ ದೊಡ್ಡ ಕೊಂಬಿನ ಗಂಡನ್ನು ಹುಡುಕಿಕೊಂಡು ಅಲೆಯೋದಕ್ಕಿಂತ ಹೆಣ್ಣು ಜಿಂಕೆ ಹೊಡೆಯುವ ಪರ್ಮಿಟ್ ತೆಗೆದುಕೊಳ್ಳೋದು ಕಾಡಿಗೆ ನಿಜವಾದ ಸಹಾಯ.

ಯಾವ ಪ್ರಾಣಿ ಅನ್ನೋದರ ಮೇಲೆ ಲೆಕ್ಕ ಬದಲಾಗುತ್ತದೆ. ಜಿಂಕೆಯಲ್ಲಿ ಒಂದು ಗಂಡು ಹೋದರೆ ಇನ್ನೊಂದು ಗಂಡು ಆ ಜಾಗ ತುಂಬುತ್ತದೆ. ಸಿಂಹದಲ್ಲಿ ಹಾಗಲ್ಲ. ಗುಂಪಿನ ಗಂಡು ಸತ್ತರೆ ಹೊಸದಾಗಿ ಬಂದ ಗಂಡು ಹಳೆಯದರ ಮರಿಗಳನ್ನು ಕೊಲ್ಲುತ್ತದೆ. ಒಂದು ಗುಂಡಿಗೆ ಒಂದು ಸಿಂಹ ಅಲ್ಲ, ಒಂದು ತಲೆಮಾರು. ಅದಕ್ಕೇ ಮೊಜಾಂಬಿಕ್‌ನ ನಿಯಾಸಾ ರಕ್ಷಿತ ಪ್ರದೇಶದಲ್ಲಿ, ಮರಿಗಳು ದೊಡ್ಡವಾಗೋಕೆ ಸಮಯ ಸಿಗಲಿ ಅಂತ, ಆರು ವರ್ಷ ದಾಟದ ಗಂಡನ್ನು ಹೊಡೆಯಬಾರದು ಅನ್ನೋ ನಿಯಮ ತಂದರು. ಟ್ರೋಫಿ ಬೇಟೆ, ಅಂದರೆ ತಲೆ, ಕೊಂಬು, ಚರ್ಮ ನೆನಪಿಗೆ ಇಟ್ಟುಕೊಳ್ಳೋಕೆ ಹಣ ಕೊಟ್ಟು ಆಡುವ ಬೇಟೆಯ ಬಗ್ಗೆ ನನ್ನ ಅಭಿಪ್ರಾಯ ಕೇಳುತ್ತೀರಿ, ಗೊತ್ತು. ನಮೀಬಿಯಾದಲ್ಲಿ 1996ರ ಕಾನೂನಿನಿಂದ ಹಳ್ಳಿಗಳವರೇ ಕೂಡಿ ಕನ್ಸರ್ವೆನ್ಸಿ, ಅಂದರೆ ತಮ್ಮ ನೆಲದ ಕಾಡುಪ್ರಾಣಿಗಳನ್ನು ತಾವೇ ನೋಡಿಕೊಳ್ಳುವ ಸಂಘ, ಮಾಡಿಕೊಂಡು ಬೇಟೆ ಮತ್ತು ಪ್ರವಾಸದ ಆದಾಯ ತಾವೇ ಪಡೆಯುವ ಹಾಗಾಯಿತು. ಹಣ ಪ್ರಾಣಿಯ ಜೊತೆ ಬದುಕುವ ಜನರ ಕೈಗೆ ಹೋಗುವ ಕಡೆ ನಾನು ಒಪ್ಪುತ್ತೇನೆ. ಎಲ್ಲೋ ಕೂತ ಏಜೆಂಟನ ಕೈಗೆ ಹೋದರೆ ಒಪ್ಪೋದಿಲ್ಲ.

ಲೆಕ್ಕಕ್ಕೆ ನಾವೇನು ಕೊಡಬಹುದು? ತುಂಬಾ ಕೊಡಬಹುದು. ಅಮೆರಿಕದಲ್ಲಿ ಆಯ್ದ ಬೇಟೆಗಾರರಿಗೆ ವನ್ಯಜೀವಿ ಇಲಾಖೆ ಲಕೋಟೆ ಕಳಿಸುತ್ತದೆ. ಹೊಡೆದ ಪ್ರತಿ ಬಾತುಕೋಳಿಯ ಒಂದು ರೆಕ್ಕೆ ಅದರಲ್ಲಿಟ್ಟು ಅಂಚೆಗೆ ಹಾಕಬೇಕು. ರೆಕ್ಕೆಯ ಗರಿ ನೋಡಿ ಹಕ್ಕಿ ಗಂಡೋ ಹೆಣ್ಣೋ, ಈ ವರ್ಷದ ಮರಿಯೋ ಹಳೆಯದೋ ಅಂತ ತಜ್ಞರು ಹೇಳುತ್ತಾರೆ. ಮರಿಗಳು ಕಡಿಮೆ ಇದ್ದರೆ ಆ ವರ್ಷ ಗೂಡು ಕಟ್ಟಿದ್ದು ಫಲಿಸಿಲ್ಲ ಅಂತ. ಮುಂದಿನ ಸೀಸನ್ನಿನ ಮಿತಿಗೆ ಇಂಥ ಲೆಕ್ಕವೇ ಆಧಾರ. ಜಿಂಕೆಯ ಹಲ್ಲು, ದವಡೆಯೂ ಹಾಗೇ. ಕೇಳಿದಾಗ ಕೊಡಿ. "ಹೊಡೆದಿಲ್ಲ" ಅನ್ನೋದನ್ನೂ ಬರೆದು ಕಳಿಸಿ. ಬರಿಗೈಲಿ ಬಂದವರು ವರದಿ ಕೊಡದಿದ್ದರೆ ಬೇಟೆ ಸುಲಭವಾಗಿ ಸಿಗುತ್ತಿದೆ ಅಂತ ಲೆಕ್ಕ ಉಬ್ಬುತ್ತದೆ.

ಸೀಸದ ಬಗ್ಗೆ ಸ್ವಲ್ಪ. ಸೀಸದ ಗುಂಡು ಮೂಳೆಗೆ, ಮಾಂಸಕ್ಕೆ ತಗುಲಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಗಾಯದ ಸುತ್ತ ಹರಡುತ್ತದೆ. ಕರುಳನ್ನು ಕಾಡಿನಲ್ಲೇ ಬಿಟ್ಟು ಬರುತ್ತೇವಲ್ಲ, ಅದನ್ನು ಹದ್ದು, ರಣಹದ್ದು ತಿನ್ನುತ್ತವೆ. ಕ್ಯಾಲಿಫೋರ್ನಿಯಾ ಕಾಂಡರ್ ಅನ್ನೋ ದೊಡ್ಡ ರಣಹದ್ದು 1987ರಲ್ಲಿ ಇಡೀ ಜಗತ್ತಿನಲ್ಲಿ 27 ಉಳಿದಿತ್ತು, ಎಲ್ಲವನ್ನೂ ಹಿಡಿದು ಸಾಕಿ ಸಂತತಿ ಬೆಳೆಸಿದರು. ತಿರುಗಿ ಕಾಡಿಗೆ ಬಿಟ್ಟ ಮೇಲೂ ಅವುಗಳನ್ನು ಜಾಸ್ತಿ ಕೊಂದದ್ದು ಸೀಸದ ವಿಷವೇ. ಅಮೆರಿಕದಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ 1991ರಿಂದ ನಿಂತಿದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡೇ ಇಲ್ಲ. ನಿಮ್ಮ ಕಡೆ ಕಾನೂನು ಬರುವ ತನಕ ಕಾಯಬೇಡಿ. ತಾಮ್ರದ ಗುಂಡು ಹಾಕಿ. ಬೆಲೆ ಜಾಸ್ತಿ, ನಿಜ, ಆದರೆ ಬೇಟೆಯಲ್ಲಿ ವರ್ಷಕ್ಕೆ ಎಷ್ಟು ಗುಂಡು ಖರ್ಚಾಗುತ್ತದೆ ಹೇಳಿ? ಬಂದೂಕಿನ ಗುರಿ ಮಾತ್ರ ಹೊಸದಾಗಿ ಹೊಂದಿಸಿಕೊಳ್ಳಿ. ಆ ಮಾಂಸ ನಮ್ಮ ಮಕ್ಕಳೂ ತಿನ್ನುತ್ತಾರೆ, ಅದನ್ನೂ ನೆನಪಿಡಿ.

ಈಗ ಗುಂಪಿನ ವಿಷಯ. ಆ ಹಿರಿಯರೂ ನಾನೂ ಮಾತಾಡಿಕೊಂಡ ಮೇಲೆ ಒಂದು ಸಣ್ಣ ಬದಲಾವಣೆ ಮಾಡಿದೆವು. ಸಂಜೆ ಎಲ್ಲರೂ ಸೇರಿದಾಗ ಹೊಡೆಯದೆ ಬಂದವರು ಮೊದಲು ಮಾತಾಡಬೇಕು. ಏನು ಕಂಡಿತು, ಯಾಕೆ ಬಿಟ್ಟೆ ಅಂತ. ಆಮೇಲೆ ಗಾಯ ಮಾಡಿದವರು ಯಾರಾದರೂ ಇದ್ದರೆ ಅವರು. ಬೈಯೋದಿಲ್ಲ, ನಗೋದಿಲ್ಲ, ಯಾರು ಯಾರು, ಯಾವಾಗ ಹುಡುಕೋಕೆ ಹೋಗೋದು ಅಂತ ಅಲ್ಲೇ ತೀರ್ಮಾನ ಆಗುತ್ತದೆ. ಹೊಡೆದವರ ಸರದಿ ಕೊನೆಗೆ. ಮೊದಲ ವರ್ಷ ಮುಜುಗರ ಆಯಿತು. ಇಬ್ಬರು ಗುಂಪು ಬಿಟ್ಟು ಹೋದರು. ಉಳಿದವರು ಸಿಗದೆ ಹೋದ ಪ್ರಾಣಿಗಳ ಬಗ್ಗೆ ಹೇಳಿಕೊಂಡಾಗ ಒಬ್ಬೊಬ್ಬರ ಹೊಟ್ಟೆಯಲ್ಲೂ ಏನೇನಿತ್ತು ಅಂತ ಗೊತ್ತಾಯಿತು. ಈಗ ನಮ್ಮಲ್ಲಿ ಗಾಯವಾಗಿ ಕಳೆದುಹೋಗುವ ಪ್ರಾಣಿ ತುಂಬಾ ಕಡಿಮೆ. ಸಹಾಯಕ್ಕೆ ಫೋನ್ ಮಾಡೋಕೆ ಯಾರೂ ನಾಚೋದಿಲ್ಲ, ಅದಕ್ಕೆ.

ಹೊಸಬರನ್ನು ಹೇಗೆ ನೋಡಿಕೊಳ್ಳುತ್ತೀರಿ ಅನ್ನೋದು ದೊಡ್ಡ ವಿಷಯ. ಅಪ್ಪನ ಜೊತೆ ಕಾಡಿಗೆ ಹೋಗಿ ಕಲಿತವರಿಗೆ ಯಾವುದನ್ನೂ ಕೇಳಬೇಕಾಗಿ ಬಂದಿರೋದಿಲ್ಲ. ಮೂವತ್ತು ದಾಟಿ ಬಂದವರು, ಮನೆಯಲ್ಲಿ ಯಾರೂ ಬೇಟೆಗಾರರಿಲ್ಲದವರು, ಹೆಂಗಸರು, ಇವರಿಗೆ ಚರ್ಮ ಸುಲಿಯೋಕೆ ಎಲ್ಲಿಂದ ಚಾಕು ಹಾಕಬೇಕು ಅನ್ನೋದೇ ಪ್ರಶ್ನೆ. ಆ ಪ್ರಶ್ನೆಗೆ ನಕ್ಕರೆ ಅವರು ಇನ್ನೊಂದು ಸಲ ಕೇಳೋದಿಲ್ಲ, ಊಹೆಯ ಮೇಲೆ ಮಾಡುತ್ತಾರೆ. ಹೊಸಬರ ಕೈಗೆ ಮೊದಲ ವರ್ಷ ಕೋವಿ ಕೊಡಬೇಡಿ ಅಂತ ನಾನು ಹೇಳೋದಿಲ್ಲ. ಆದರೆ ಮೊದಲ ಸೀಸನ್ ಪೂರ್ತಿ ಯಾರಾದರೂ ಅನುಭವಸ್ಥರು ಪಕ್ಕದಲ್ಲಿ ಕೂರಬೇಕು, ತಮ್ಮ ಕೋವಿ ಮನೆಯಲ್ಲಿಟ್ಟು. ಪಕ್ಕದವರ ಕೈಯಲ್ಲೂ ಕೋವಿ ಇದ್ದರೆ ಅವರು ಕಲಿಸೋದಿಲ್ಲ, ಪೈಪೋಟಿ ಮಾಡುತ್ತಾರೆ.

ಸುರಕ್ಷತೆ ನಿಮಗೆಲ್ಲ ಗೊತ್ತಿದೆ. ನಳಿಗೆ ಎಲ್ಲಿ ನೋಡುತ್ತಿದೆ, ಬೆರಳು ಎಲ್ಲಿದೆ, ಗುರಿಯ ಹಿಂದೆ ಏನಿದೆ. ಒಂದೇ ಒಂದು ಸೇರಿಸುತ್ತೇನೆ: ಮರದ ಅಟ್ಟಣೆ ಹತ್ತುವವರು ನೆಲ ಬಿಡುವಾಗಲೇ ಬೆಲ್ಟ್ ಕಟ್ಟಿ, ಮೇಲೆ ಹೋದ ಮೇಲೆ ಅಲ್ಲ. ಹತ್ತುವಾಗ ಇಳಿಯುವಾಗಲೇ ಬೀಳೋದು ಜಾಸ್ತಿ.

ಹೊಡೆದ ಪ್ರಾಣಿಯ ಫೋಟೋ ತೆಗೆಯೋದರ ಬಗ್ಗೆಯೂ ಕೇಳಿದ್ದರು. 2015ರಲ್ಲಿ ಜಿಂಬಾಬ್ವೆಯಲ್ಲಿ ಸೆಸಿಲ್ ಅನ್ನೋ ಸಿಂಹವನ್ನು ಬಾಣದಿಂದ ಗಾಯ ಮಾಡಿ, ಗಂಟೆಗಟ್ಟಲೆ ಆದ ಮೇಲೆ ಕೊಂದರು. ಜಗತ್ತೇ ಸಿಟ್ಟಾಯಿತು. ಆ ಸಿಟ್ಟನ್ನು ನಾವು ತಳ್ಳಿಹಾಕಬಾರದು ಅಂತ ನನ್ನ ಮಾತು. ಗಾಯದ ಪ್ರಾಣಿ ಗಂಟೆಗಟ್ಟಲೆ ನರಳಿದ್ದನ್ನು ಕೇಳಿ ಸಿಟ್ಟು ಬರದಿದ್ದರೆ ನಮ್ಮಲ್ಲೇ ಏನೋ ತಪ್ಪಿದೆ. ಫೋಟೋ ತೆಗೆಯೋದಾದರೆ ರಕ್ತ ಒರೆಸಿ, ನಾಲಿಗೆ ಒಳಗೆ ಹಾಕಿ, ಪ್ರಾಣಿಯ ಮೇಲೆ ಕೂರಬೇಡಿ, ಕಾಲಿಡಬೇಡಿ. ನಾನು ಈಗ ತೆಗೆಯೋದೇ ಇಲ್ಲ. ಬೇಟೆ ಬೇಡ ಅನ್ನುವವರು ಮಾತಾಡಿಸಿದರೆ ಜಗಳಕ್ಕಿಳಿಯಬೇಡಿ. ಅವರು ಪ್ರಾಣಿಯ ಪರ ಮಾತಾಡುತ್ತಿದ್ದಾರೆ. ನಾವೂ ಅಲ್ಲೇ ಇರಬೇಕಾದವರು.

ಹೋದ ಸೀಸನ್ನಿನಲ್ಲಿ ನಮ್ಮ ಗುಂಪಿಗೆ ಹೊಸದಾಗಿ ಸೇರಿದ ಒಬ್ಬರು ಮೂರು ಸಂಜೆ ಕೂತು ಏನೂ ಕಾಣದೆ ಬಂದರು. ನಾಲ್ಕನೇ ಸಂಜೆ ಹೆಣ್ಣು ಜಿಂಕೆ ಅರವತ್ತು ಮೀಟರಿನಲ್ಲಿ ಅಡ್ಡ ನಿಂತಿತ್ತಂತೆ. ಪರ್ಮಿಟ್ ಇತ್ತು, ಬೆಳಕಿತ್ತು. ಕೋವಿಯ ಸೇಫ್ಟಿ ಲಾಕ್ ತೆಗೆದಿದ್ದರು. ಹಿಂದಿನ ಹುಲ್ಲು ಅಲುಗಿತು, ಮರಿ ತಲೆ ಹಾಕಿತು. ಸೇಫ್ಟಿ ಮತ್ತೆ ಹಾಕಿದರು. ಇದನ್ನು ಹೇಳುವಾಗ ಅವರ ಕೈ ಇನ್ನೂ ನಡುಗುತ್ತಿತ್ತು. ನಮ್ಮ ಹಿರಿಯರು ಬೆಂಕಿ ಹತ್ತಿರದ ತಮ್ಮ ಜಾಗ ಬಿಟ್ಟು ಸರಿದು ಕೂತು, "ಇಲ್ಲಿ ಬಾ ತಾಯಿ, ಗಾಳಿ ಯಾವ ಕಡೆಯಿಂದ ಇತ್ತು ಹೇಳು" ಅಂದರು. ಅರ್ಧ ಗಂಟೆ ಅದೇ ಮಾತು. ಅವತ್ತು ಇಬ್ಬರು ಹೊಡೆದು ಬಂದಿದ್ದರು. ಅವರ ಸರದಿ ಬರುವಷ್ಟರಲ್ಲಿ ತುಂಬಾ ಹೊತ್ತಾಗಿತ್ತು.

ಮುಂದಿನ ತಿಂಗಳು ಸೀಸನ್ ಶುರುವಾಗುವ ಮುಂಚೆ ಜಾಡು ಹಿಡಿಯುವ ಅಭ್ಯಾಸ ಇಟ್ಟುಕೊಂಡಿದ್ದೇವೆ. ಬಣ್ಣದ ನೀರು ಹನಿಸಿ ಸುಳ್ಳು ಜಾಡು ಮಾಡಿರುತ್ತೇವೆ, ಮುನ್ನೂರು ಮೀಟರ್, ಮಧ್ಯೆ ಎರಡು ಕಡೆ ಪೂರ್ತಿ ನಿಂತು ಹೋಗುತ್ತದೆ. ನಾಯಿ ಸಾಕಿರುವವರೊಬ್ಬರು ಬರುತ್ತಾರೆ. ಹೊಸಬರು, ಹಳಬರು ಯಾರು ಬೇಕಾದರೂ ಬನ್ನಿ. ಟಾರ್ಚು, ಕಟ್ಟೋಕೆ ಬಟ್ಟೆ ಚೂರು, ಕುಡಿಯೋಕೆ ನೀರು ತನ್ನಿ. ಕೋವಿ ಬೇಡ.